ಹಬ್ಬದ ಪ್ರೇಮಕಥೆಗೆ ಆಷಾಢವೇ ಸರಿಯಾದ ಕಾಲ

ಪ್ರಶ್ನೆ: ನಾನು ಸಾಗರ ಹತ್ತಿರದ ಒಂದು ಹಳ್ಳಿಯವಳು. ನಮ್ಮದು ಅಡಿಕೆ ತೋಟದ ಮನೆ. ಕೆಲವು ವರ್ಷಗಳಿಂದ ಮೊಬೈಲ್ ಆ್ಯಪ್ ಒಂದರಲ್ಲಿ ಪ್ರೇಮ ಕಾದಂಬರಿಗಳನ್ನು ಕಂತುಗಳಲ್ಲಿ ಬರೆಯುತ್ತಿದ್ದೇನೆ. ಈ ಸಲ, 2026ರ ದೀಪಾವಳಿ ವಿಶೇಷಾಂಕಕ್ಕೆ ಒಂದು ಕಿರುಕಾದಂಬರಿ ಕೊಡಿ ಎಂದು ಪತ್ರಿಕೆಯೊಂದರವರು ಕೇಳಿದ್ದಾರೆ. ಆದರೆ ಗೌರಿ ಹಬ್ಬ ಬಂತೆಂದರೆ ದೀಪಾವಳಿ ಮುಗಿಯುವ ತನಕ ನನಗೆ ಒಂದು ಸಾಲು ಬರೆಯುವುದಕ್ಕೂ ಆಗುವುದಿಲ್ಲ. ಮನೆ ತುಂಬ ಜನ. ಕಂತು ತಪ್ಪಿದರೆ ಓದುಗರಿಗೆ ಬೇಜಾರು. ಕ್ರಿಸ್‌ಮಸ್ ಪ್ರೇಮಕಥೆ ಬರೆಯುವ ಹೊರದೇಶದ ಲೇಖಕಿಯರು ಡಿಸೆಂಬರಿನಲ್ಲಿ ಹೇಗೆ ಬರೆಯುತ್ತಾರೋ ಅನ್ನಿಸುತ್ತದೆ. ಪ್ರೇಮ ಕಾದಂಬರಿ ಬರೆಯುವವರ ಹಬ್ಬದ ದಿನಗಳು ಹೇಗಿರುತ್ತವೆ? ಹಬ್ಬದಲ್ಲಿ ಮನೆಯೊಳಗೆ ನಡೆದದ್ದನ್ನು ಕಥೆಗೆ ತಂದರೆ ತಪ್ಪಾ?

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು, ಸ್ವಲ್ಪ ಸಂಕಟವೂ ಆಯಿತು. ವಿಶೇಷಾಂಕದವರು ತಾವಾಗಿ ಕೇಳುವುದು ಸುಮ್ನೆ ಅಲ್ಲ, ಅದು ನಿಮ್ಮ ಬರವಣಿಗೆಗೆ ಸಿಕ್ಕ ಮರ್ಯಾದೆ. ಸಂಕಟ ಯಾಕೆಂದರೆ, ಹಬ್ಬದ ದಿನಗಳಲ್ಲಿ ಬರೆಯಲಾಗದ್ದನ್ನು ನಿಮ್ಮದೇ ಕೊರತೆ ಎನ್ನುವ ಹಾಗೆ ಹೇಳಿಕೊಂಡಿದ್ದೀರಿ. ಅದು ಕೊರತೆ ಅಲ್ಲ. ಹಬ್ಬದ ವಾರದಲ್ಲಿ ಕೂತು ಕಾದಂಬರಿ ಬರೆಯುವವರು ತೀರಾ ಕಡಿಮೆ. ಹಬ್ಬದ ಕಥೆಗಳನ್ನೇ ಬರೆದು ಹೆಸರಾದವರೂ ಅವನ್ನು ಹಬ್ಬದಲ್ಲಿ ಬರೆದಿರುವುದಿಲ್ಲ. ಇದೊಂದು ಗೊತ್ತಾದರೆ ನಿಮ್ಮ ಅರ್ಧ ಭಾರ ಇಳಿಯುತ್ತದೆ. ಉಳಿದ ಅರ್ಧಕ್ಕೆ ಏನು ಮಾಡಬಹುದು ಅಂತ ವಿವರವಾಗಿ ಹೇಳುತ್ತೇನೆ.

ಕ್ರಿಸ್‌ಮಸ್ ಕಥೆಗಳ ವಿಷಯ ಮೊದಲು ಮುಗಿಸಿಬಿಡೋಣ. ಲಂಡನ್ನಿನ ಮಿಲ್ಸ್ ಅಂಡ್ ಬೂನ್ ಶುರುವಾದದ್ದು 1908ರಲ್ಲಿ, ಕೆನಡಾದ ವಿನ್ನಿಪೆಗ್‌ನಲ್ಲಿ ಹಾರ್ಲೆಕ್ವಿನ್ ಶುರುವಾದದ್ದು 1949ರಲ್ಲಿ. 1971ರಲ್ಲಿ ಹಾರ್ಲೆಕ್ವಿನ್ ಮಿಲ್ಸ್ ಅಂಡ್ ಬೂನನ್ನು ಕೊಂಡುಕೊಂಡಿತು. ತಿಂಗಳು ತಪ್ಪದೆ ಹೊಸ ಪ್ರೇಮ ಕಾದಂಬರಿಗಳನ್ನು ಅಂಗಡಿಗೆ ಕಳಿಸುವ ಪದ್ಧತಿ ಗಟ್ಟಿಯಾದದ್ದು ಇಂಥ ಪ್ರಕಾಶನಗಳಿಂದ. ಅಲ್ಲಿ ಕ್ರಿಸ್‌ಮಸ್ ಕಥೆ ಅಂಗಡಿಯ ಕಪಾಟು ಸೇರುವುದು ಅಕ್ಟೋಬರ್ ಸುಮಾರಿಗೆ. ಅಷ್ಟರೊಳಗೆ ಸಂಪಾದಕರು ಓದಬೇಕು, ತಿದ್ದಿಸಬೇಕು, ಮುಖಪುಟ ಆಗಬೇಕು, ಅಚ್ಚಾಗಬೇಕು, ಊರೂರಿಗೆ ಹೋಗಬೇಕು. ಹಾಗಾಗಿ ಹಸ್ತಪ್ರತಿ ಎಷ್ಟೋ ತಿಂಗಳು ಮೊದಲೇ ಮುಗಿದಿರಬೇಕು. ಹಿಮ ಬೀಳುವ ದೃಶ್ಯವನ್ನು ಲೇಖಕಿ ಫ್ಯಾನಿನ ಕೆಳಗೆ ಕೂತು ಬರೆದಿರುತ್ತಾಳೆ. ಸಿನಿಮಾದವರದ್ದೂ ಇದೇ ಕಥೆ. ಅಮೆರಿಕದ ಹಾಲ್‌ಮಾರ್ಕ್ ಚಾನೆಲ್ 2009ರಿಂದ ಪ್ರತಿ ವರ್ಷ ಕೊನೆಗೆ ಕ್ರಿಸ್‌ಮಸ್ ಪ್ರೇಮಚಿತ್ರಗಳ ಸಾಲನ್ನೇ ತೋರಿಸುತ್ತಾ ಬಂದಿದೆ. ಅವುಗಳಲ್ಲಿ ಎಷ್ಟೋ ಚಿತ್ರಗಳನ್ನು ಕೆನಡಾದಲ್ಲಿ ಬೇಸಿಗೆಯಲ್ಲೇ ಕೃತಕ ಹಿಮ ಹರಡಿ ತೆಗೆಯುತ್ತಾರೆ. ನಟರು ಉಣ್ಣೆ ಕೋಟಿನೊಳಗೆ ಬೆವರುತ್ತಾ ಪ್ರೀತಿ ಹೇಳಿಕೊಳ್ಳುತ್ತಾರೆ.

ಹಾಗಾದರೆ ಡಿಸೆಂಬರಿನಲ್ಲಿ ಆ ಲೇಖಕಿ ಏನು ಮಾಡುತ್ತಾಳೆ? ಓದುಗರಿಗೆ ಪತ್ರ ಬರೆಯುತ್ತಾಳೆ. ಮುಂದಿನ ವರ್ಷ ಬರುವ ಪುಸ್ತಕದ ಕರಡು ತಿದ್ದುತ್ತಾಳೆ. ಬಂದ ಪುಸ್ತಕ ಜನಕ್ಕೆ ಗೊತ್ತಾಗುವ ಹಾಗೆ ಪ್ರಚಾರ ಮಾಡುತ್ತಾಳೆ. ಉಳಿದ ಹೊತ್ತಲ್ಲಿ ಅವಳೂ ನಿಮ್ಮ ಹಾಗೆ ಅಡುಗೆಮನೆಯಲ್ಲಿರುತ್ತಾಳೆ, ಬಂದವರನ್ನು ನೋಡಿಕೊಳ್ಳುತ್ತಾಳೆ. ಅಲ್ಲಿ ನವೆಂಬರ್ ತಿಂಗಳಲ್ಲಿ 50,000 ಪದ ಬರೆದು ಮುಗಿಸುವ ಒಂದು ದೊಡ್ಡ ಚಳವಳಿಯೇ ಇತ್ತು. 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸ್ನೇಹಿತರ ಗುಂಪೊಂದು ಶುರು ಮಾಡಿದ್ದು, ಆಮೇಲೆ ಜಗತ್ತಿನ ತುಂಬಾ ಹಬ್ಬಿತು. 2025ರಲ್ಲಿ ಅದನ್ನು ನಡೆಸುತ್ತಿದ್ದ ಸಂಸ್ಥೆ ಬಾಗಿಲು ಹಾಕಿತು. ದಿನಕ್ಕೆ ಸುಮಾರು 1,667 ಪದದ ಲೆಕ್ಕ ಅದು. ನಮ್ಮ ಕಡೆಯ ಕೆಲವರು ಈಗಲೂ ಆ ಲೆಕ್ಕ ಹಿಡಿದು ನವೆಂಬರಿನಲ್ಲಿ ಕೂರುತ್ತಾರೆ. ನಿಮಗೆ ಅದು ಬೇಡ. ದೀಪಾವಳಿಯೂ ಅಡಿಕೆ ಕೊಯ್ಲೂ ಒಟ್ಟೊಟ್ಟಿಗೆ ಬರುವ ತಿಂಗಳು ನಿಮ್ಮ ಮನೆಯ ಬರವಣಿಗೆ ತಿಂಗಳಾಗಲು ಸಾಧ್ಯವೇ ಇಲ್ಲ.

ಈಗ ನಮ್ಮ ವಿಶೇಷಾಂಕಕ್ಕೆ ಬರೋಣ. ಹಬ್ಬಕ್ಕೊಂದು ಸಾಹಿತ್ಯದ ಸಂಚಿಕೆ ತರುವ ರೂಢಿ ಹಳೆಯದು. ಮರಾಠಿಯಲ್ಲಿ ಮೊದಲ ದೀಪಾವಳಿ ಅಂಕ ಬಂದದ್ದು 1909ರಲ್ಲಿ, ‘ಮನೋರಂಜನ’ ಪತ್ರಿಕೆಯಿಂದ. ಬಂಗಾಳದಲ್ಲಿ ದುರ್ಗಾಪೂಜೆಯ ವಾರ್ಷಿಕ ಸಂಚಿಕೆಗಳಿಗೆ ಇಡೀ ಕಾದಂಬರಿಗಳನ್ನೇ ಬರೆಸುತ್ತಾರೆ. ನಮ್ಮಲ್ಲಿ ‘ಪ್ರಜಾವಾಣಿ’ಯ ದೀಪಾವಳಿ ವಿಶೇಷಾಂಕ, ಅದರ ಕಥಾಸ್ಪರ್ಧೆ, ‘ಸುಧಾ’ದ ಯುಗಾದಿ ವಿಶೇಷಾಂಕ ಇವೆಲ್ಲ ಎಷ್ಟೋ ಮನೆಗಳಲ್ಲಿ ಹಬ್ಬದ ಸಾಮಾನಿನ ಪಟ್ಟಿಯಲ್ಲೇ ಸೇರಿಕೊಂಡಿದ್ದವು. ವಿಶೇಷಾಂಕದ ಕೆಲಸವನ್ನು ನಾನು ಒಳಗಿನಿಂದ ನೋಡಿದ್ದೇನೆ. ಅದು ಮಾಮೂಲಿ ಸಂಚಿಕೆಯ ಹಾಗಲ್ಲ. ಪುಟ ಜಾಸ್ತಿ, ಜಾಹೀರಾತು ಜಾಸ್ತಿ, ಬಣ್ಣದ ಪುಟ ಜಾಸ್ತಿ. ಕಿರುಕಾದಂಬರಿಯನ್ನು ಚಿತ್ರ ಬರೆಯುವ ಕಲಾವಿದರು ಮೊದಲು ಪೂರ್ತಿ ಓದಬೇಕು. ನಾಯಕಿ ಜಡೆ ಹಾಕಿದ್ದಾಳಾ, ಕೂದಲು ಬಿಟ್ಟಿದ್ದಾಳಾ ಎಂದು ಅವರು ಫೋನ್ ಮಾಡಿ ಕೇಳುತ್ತಾರೆ. ಇದೆಲ್ಲ ಆಗಿ, ಅಚ್ಚಾಗಿ, ಬೀದರ್‌ನಿಂದ ಚಾಮರಾಜನಗರದ ತನಕ ಹಬ್ಬಕ್ಕೆ ಮೊದಲೇ ಅಂಗಡಿ ಸೇರಬೇಕು. ನಡುವೆ ಆಯುಧಪೂಜೆ ಬರುತ್ತದೆ. ಆ ದಿನ ಅಚ್ಚಿನ ಯಂತ್ರಕ್ಕೂ ಪೂಜೆ, ಕೆಲಸದವರಿಗೂ ರಜೆ.

ಅದಕ್ಕೇ ಸಂಪಾದಕರು ಹೇಳಿದ ಕೊನೆಯ ದಿನಾಂಕವನ್ನು ಹಬ್ಬದ ಲೆಕ್ಕದಲ್ಲಿ ನೋಡಬೇಡಿ, ಪ್ರೆಸ್ಸಿನ ಲೆಕ್ಕದಲ್ಲಿ ನೋಡಿ. ಇಲ್ಲಿ ಹೊಸಬರು ಎಡವುವುದು ಪಂಚಾಂಗದಿಂದ. ನರಕ ಚತುರ್ದಶಿ 2023ರಲ್ಲಿ ನವೆಂಬರ್ 12ಕ್ಕೆ ಬಂದಿತ್ತು. 2024ರಲ್ಲಿ ಅಕ್ಟೋಬರ್ 31ಕ್ಕೆ. 2025ರಲ್ಲಿ ಅಕ್ಟೋಬರ್ 20ಕ್ಕೇ ಬಂತು. 2026ರಲ್ಲಿ ಮತ್ತೆ ನವೆಂಬರ್ 8. ಚಾಂದ್ರಮಾನದ ವರ್ಷ ಸುಮಾರು 11 ದಿನ ಗಿಡ್ಡ. ಅದನ್ನು ಸರಿಮಾಡಲು ಎರಡೂವರೆ, ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸುತ್ತಾರೆ. ಆಗ ಹಬ್ಬಗಳೆಲ್ಲ ಒಮ್ಮೆಗೇ ಮುಂದಕ್ಕೆ ಹೋಗುತ್ತವೆ. ಹೋದ ವರ್ಷ ಇಂಥ ತಾರೀಕಿಗೆ ಕೊಟ್ಟಿದ್ದೆ, ಈ ವರ್ಷವೂ ಅದೇ ಸಾಕು ಅಂತ ಕೂತವರಿಗೆ ಮರುವರ್ಷ ತೊಂದರೆ ಆಗುವುದು ಹೀಗೆ.

ನಿಮ್ಮ ಅದೃಷ್ಟಕ್ಕೆ 2026 ಒಳ್ಳೆಯ ವರ್ಷ. ಮೇ 17ರಿಂದ ಜೂನ್ 15ರ ತನಕ ಅಧಿಕ ಜ್ಯೇಷ್ಠ. ಆ ತಿಂಗಳಲ್ಲಿ ಮದುವೆ, ಗೃಹಪ್ರವೇಶ ಇಲ್ಲ. ನಿಜ ಜ್ಯೇಷ್ಠ ಕಳೆದ ಮೇಲೆ ಜುಲೈ ಮಧ್ಯದಿಂದ ಆಗಸ್ಟ್ 12ರ ಭೀಮನ ಅಮಾವಾಸ್ಯೆ ತನಕ ಆಷಾಢ. ಆಗಲೂ ಶುಭಕಾರ್ಯ ಇಲ್ಲ, ನೆಂಟರ ಓಡಾಟ ಕಡಿಮೆ. ಗಣೇಶ ಚೌತಿ ಸೆಪ್ಟೆಂಬರ್ 14ಕ್ಕೆ. ಅಂದರೆ ಹಬ್ಬಗಳ ಸಾಲು ಶುರುವಾಗುವ ಮುಂಚೆ ನಿಮಗೆ ಎರಡು ಬಿಡುವಿನ ತಿಂಗಳು ಸಿಗುತ್ತವೆ. ಮಲೆನಾಡಿನ ಆಷಾಢ ಅಂದರೆ ಮಳೆ, ಕರೆಂಟ್ ಇಲ್ಲ, ತೋಟಕ್ಕೆ ಕೊಳೆ ಔಷಧಿ ಹೊಡೆಯುವ ಗಡಿಬಿಡಿ, ಗದ್ದೆ ಇದ್ದರೆ ನಾಟಿ. ಪೂರ್ತಿ ಬಿಡುವು ಅಂತ ನಾನು ಹೇಳುತ್ತಿಲ್ಲ. ಆದರೆ ಮಧ್ಯಾಹ್ನ ಊಟ ಆದ ಮೇಲೆ ಯಾರೂ ಮನೆಗೆ ಬರದ ಕಾಲ ಅದೊಂದೇ. ಹೊಸದಾಗಿ ಮದುವೆಯಾದ ಹುಡುಗಿಯರು ತವರಿಗೆ ಹೋಗಿ, ಗಂಡನ ಫೋನಿಗೆ ಕಾಯುವ ತಿಂಗಳೂ ಅದೇ. ಪ್ರೇಮಕಥೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಹವಾಮಾನ ಬೇಕಾ? ಅಧಿಕ ಮಾಸದಲ್ಲಿ ಕಥೆಯ ಎಲುಬು ಕಟ್ಟಿಕೊಳ್ಳಿ. ಆಷಾಢದಲ್ಲಿ ಬರೆಯಿರಿ. ಶ್ರಾವಣದ ಮೊದಲ ವಾರಗಳಲ್ಲಿ ತಿದ್ದಿ ಕಳಿಸಿ. ಚೌತಿಯ ಹೊತ್ತಿಗೆ ನಿಮ್ಮ ಕೈ ಖಾಲಿಯಾಗಿರಬೇಕು.

ಎಷ್ಟು ಉದ್ದ ಬರೆಯಬೇಕು ಎಂಬುದನ್ನು ಸಂಪಾದಕರನ್ನೇ ಕೇಳಿ, ಪದಗಳ ಲೆಕ್ಕದಲ್ಲೇ ಕೇಳಿ. ‘ಹತ್ತು ಪುಟ’ ಅಂದರೆ ಯಾವ ಪುಟ, ಎಷ್ಟು ಜಾಹೀರಾತು, ಎಷ್ಟು ಚಿತ್ರ ಅಂತ ನಮಗೆ ಗೊತ್ತಾಗುವುದಿಲ್ಲ. ಕೇಳುವುದರಲ್ಲಿ ಸಂಕೋಚ ಬೇಡ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಹಬ್ಬದಲ್ಲಿ ಬರೆಯುವುದಿಲ್ಲ ಅಂದರೆ ಆ ಎರಡು ತಿಂಗಳು ಪ್ರೇಮ ಕಾದಂಬರಿಕಾರ್ತಿ ಏನು ಮಾಡಬೇಕು? ನನ್ನ ಉತ್ತರ: ನೋಡಬೇಕು, ಗುರುತು ಹಾಕಿಕೊಳ್ಳಬೇಕು. ಮುಂದಿನ ವರ್ಷದ ಕಥೆ ನಿಮ್ಮ ಮನೆಯ ಜಗಲಿಯ ಮೇಲೆ ನಡೆಯುತ್ತಿರುತ್ತದೆ. ಅದನ್ನು ಬಿಟ್ಟು ಬಾಗಿಲು ಹಾಕಿಕೊಂಡು ಈ ವರ್ಷದ ಕಥೆ ಬರೆಯುತ್ತಾ ಕೂತರೆ ಎರಡೂ ಕೈತಪ್ಪುತ್ತವೆ.

ಪ್ರೇಮಕಥೆಗೂ ಹಬ್ಬಕ್ಕೂ ಯಾಕೆ ಇಷ್ಟು ನಂಟು ಅಂತ ಯೋಚಿಸಿದ್ದೀರಾ? ಊರು ಬಿಟ್ಟವರು ಮನೆಗೆ ಬರುವುದು ಹಬ್ಬಕ್ಕೆ. ಬೆಂಗಳೂರಿನ ಹುಡುಗನಿಗೆ ಸಿಕ್ಕಿರುವುದು ನಾಲ್ಕೇ ದಿನದ ರಜೆ. ಮನೆ ತುಂಬ ಜನ, ಇಬ್ಬರಿಗೆ ಮಾತಾಡಲು ಮೂಲೆಯೇ ಇಲ್ಲ. ಆದರೆ ಕೆಲಸ ಮಾತ್ರ ಇಬ್ಬರಿಗೂ ಒಟ್ಟಿಗೇ ಬೀಳುತ್ತದೆ. ಒಬ್ಬರು ಮಾವಿನ ಎಲೆ ಕೊಡಬೇಕು, ಇನ್ನೊಬ್ಬರು ತೋರಣ ಕಟ್ಟಬೇಕು. ರಜೆ ಮುಗಿಯುವ ಮುಂಚೆ ಹೇಳಬೇಕು, ಹೇಳಲು ಜಾಗ ಇಲ್ಲ. ಕಥೆಗೆ ಬೇಕಾದ ಒತ್ತಡವನ್ನೆಲ್ಲ ಹಬ್ಬವೇ ತಂದುಕೊಡುತ್ತದೆ. ಅಪಘಾತ, ಕಳೆದುಹೋದ ಪತ್ರ, ಜ್ಞಾಪಕಶಕ್ತಿ ಹೋಗುವುದು ಇಂಥದ್ದೇನೂ ಬೇಕಾಗುವುದಿಲ್ಲ.

ನಮ್ಮ ಹಬ್ಬಗಳ ಒಳಗೇ ಎಂಥ ಎಂಥ ಸಂದರ್ಭಗಳಿವೆ ನೋಡಿ. ಧಾರವಾಡ, ಗದಗ, ವಿಜಯಪುರದ ಕಡೆ ದಸರೆಯಲ್ಲಿ ಬನ್ನಿ ಕೊಡುತ್ತಾರೆ. ಬನ್ನಿ ತಗೊಂಡು ಬಂಗಾರದ ಹಾಗೆ ಇರೋಣ ಅಂತ ಹೇಳಿ ಎಲೆಯನ್ನು ಕೈಗೆ ಇಡುತ್ತಾರೆ. ಆ ಒಂದು ಸಂಜೆ ಯಾರು ಯಾರ ಮನೆಗೆ ಬೇಕಾದರೂ ಹೋಗಬಹುದು. ವರ್ಷಗಟ್ಟಲೆ ಮಾತು ಬಿಟ್ಟವರೂ ಹೋಗಿ ಬನ್ನಿ ಕೊಟ್ಟು ಬರುತ್ತಾರೆ. ವರ್ಷವಿಡೀ ದೂರದಿಂದ ನೋಡಿದವಳ ಮನೆ ಬಾಗಿಲಿಗೆ ಹೋಗಲು ಒಬ್ಬನಿಗೆ ಇಡೀ ಊರೇ ಅನುಮತಿ ಕೊಡುವ ದಿನ ಅದು. ಮೈಸೂರಿನ ಕಡೆ ಗೊಂಬೆ ಕೂರಿಸುತ್ತಾರೆ. ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆ ಜೋಡಿಯನ್ನು ಮೇಲಿನ ಮೆಟ್ಟಿಲಲ್ಲಿ ಇಡುತ್ತಾರೆ. ಗಂಡನಿಂದ ದೂರವಾದವಳು ಆ ವರ್ಷ ಪಟ್ಟದ ಗೊಂಬೆಗಳನ್ನು ಪೆಟ್ಟಿಗೆಯಿಂದ ತೆಗೆಯುತ್ತಾಳಾ, ಇಲ್ಲವಾ? ಈ ಒಂದು ಪ್ರಶ್ನೆಯಲ್ಲೇ ಕಿರುಕಾದಂಬರಿಯೊಂದಿದೆ. ಹೊಸ ಅಳಿಯ ಮಾವನ ಮನೆಗೆ ಮೊದಲ ದೀಪಾವಳಿಗೆ ಬರುವುದು, ಎಲ್ಲರ ಮುಂದೆ ಎಣ್ಣೆ ಹಚ್ಚಿಸಿಕೊಳ್ಳುವ ಅವನ ನಾಚಿಕೆ, ಅದನ್ನು ಬಾಗಿಲ ಸಂದಿಯಿಂದ ನೋಡಿ ಹೆಂಡತಿಗೆ ಬರುವ ನಗು. ಮದುವೆಯ ದಿನ ಹುಟ್ಟದ ಸಲಿಗೆ ಆ ಬೆಳಗಿನ ಜಾವ ಹುಟ್ಟುವುದುಂಟು.

ನಿಮ್ಮ ಕಡೆಯದ್ದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಆ್ಯಪಿನಲ್ಲಿ ಮಲೆನಾಡಿನವರು ಬರೆದ ಹಬ್ಬದ ಕಥೆಗಳಲ್ಲೂ ನಾಯಕ ನಾಯಕಿಯರು ಬೆಂಗಳೂರಿನ ಅಪಾರ್ಟ್‌ಮೆಂಟಿನ ಟೆರೇಸಿನಲ್ಲೇ ಪಟಾಕಿ ಹಚ್ಚುತ್ತಿರುತ್ತಾರೆ. ಭೂಮಿ ಹುಣ್ಣಿಮೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಅಡುಗೆ ಮಾಡುವ ಹೆಂಗಸರು, ಕೆಮ್ಮಣ್ಣು ಬಳಿದು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ, ಬಸಿರಾದ ಭೂಮಿತಾಯಿಗೆ ಬಯಕೆಯ ಊಟ ಬಡಿಸಲು ಬೆಳಕು ಹರಿಯುವ ಮುಂಚೆ ಗದ್ದೆಗೆ ಹೋಗುವುದು. ಮಗುವಿಗಾಗಿ ಕಾಯುತ್ತಿರುವ ದಂಪತಿಯನ್ನು ಆ ಗದ್ದೆಯ ಅಂಚಿನ ಮೇಲೆ ನಿಲ್ಲಿಸಿ ನೋಡಿ. ದೀಪಾವಳಿಯ ರಾತ್ರಿ ಅಂಟಿಗೆ ಪಂಟಿಗೆಯವರು ದೀಪ ಆರದ ಹಾಗೆ ಹಿಡಿದುಕೊಂಡು ಹಾಡುತ್ತಾ ಮನೆಯಿಂದ ಮನೆಗೆ ಬರುತ್ತಾರೆ. ಅವರ ಹಾಡಿಗೆ ಬಾಗಿಲು ತೆರೆದು ಎಣ್ಣೆ ಎರೆಯುವ ಹುಡುಗಿ, ಹಾಡುವವರ ಸಾಲಿನಲ್ಲಿ ಕೊನೆಗೆ ನಿಂತ ಹುಡುಗ. ಇದು ಬೇರೆ ಯಾವ ದೇಶದ ಪ್ರೇಮಕಥೆಯಲ್ಲೂ ಸಿಗುವುದಿಲ್ಲ. ಸಾಗರದ ಲೇಖಕಿ ಬರೆಯದಿದ್ದರೆ ಇನ್ಯಾರು ಬರೆಯಬೇಕು?

ಗುರುತು ಹಾಕಿಕೊಳ್ಳುವುದು ಹೇಗೆ ಅಂದರೆ, ದೊಡ್ಡ ಡೈರಿ ಬೇಡ. ಅದನ್ನು ತೆರೆಯಲು ಹೊತ್ತು ಸಿಗುವುದಿಲ್ಲ. ರಾತ್ರಿ ಮಲಗುವ ಮುಂಚೆ ಫೋನಿನಲ್ಲಿ ದನಿ ರೆಕಾರ್ಡ್ ಮಾಡಿ, ಒಂದೆರಡು ನಿಮಿಷ ಸಾಕು. ಫೋಟೊಗೆ ಸಿಗದ್ದನ್ನು ಮಾತ್ರ ಹೇಳಿ. ರಂಗೋಲಿಯ ಚಿತ್ರ ಹೇಗಿತ್ತು ಅಂತ ಫೋಟೊ ನೋಡಿದರೆ ಗೊತ್ತಾಗುತ್ತದೆ. ಅದನ್ನು ಹಾಕುವಾಗ ಚಿಕ್ಕಮ್ಮ ಯಾರ ಹೆಸರು ಕೇಳಿ ಕೈ ನಿಲ್ಲಿಸಿದರು ಅನ್ನುವುದು ಫೋಟೊದಲ್ಲಿ ಇರುವುದಿಲ್ಲ. ಹಂಡೆ ಒಲೆಯ ಹೊಗೆಯ ವಾಸನೆ, ಹೊಸ ಬಟ್ಟೆಯ ಗಂಜಿ ಕುತ್ತಿಗೆಗೆ ಚುಚ್ಚಿದ್ದು, ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ಇಬ್ಬರು ನೀರು ಕುಡಿಯಲು ಬಂದದ್ದು, ಯಾರು ಯಾರ ಪಕ್ಕ ಊಟಕ್ಕೆ ಕೂರಲು ಜಾಗ ಬದಲಿಸಿದರು ಎನ್ನುವುದು. ಮುಂದಿನ ಆಷಾಢದಲ್ಲಿ ಹೊರಗೆ ಮಳೆ ಹೊಯ್ಯುವಾಗ ಇದನ್ನೆಲ್ಲ ಕೇಳಿಸಿಕೊಂಡರೆ ಹಬ್ಬದ ಬಿಸಿ ತಾನಾಗಿ ಕೈಗೆ ಬರುತ್ತದೆ. ಇಲ್ಲದಿದ್ದರೆ ಮನಸ್ಸು ಹಿಂದೆ ಓದಿದ ಹಬ್ಬಗಳನ್ನೇ ಮತ್ತೆ ಬರೆಸುತ್ತದೆ.

ಆ್ಯಪಿನ ಕಂತುಗಳ ವಿಷಯ ಬೇರೆ. ಅದು ನಿಲ್ಲದ ಕೆಲಸ. ಹಿಂದೆ ವಾರಪತ್ರಿಕೆಗೆ ಧಾರಾವಾಹಿ ಬರೆಯುತ್ತಿದ್ದವರಿಗೆ ವಾರಕ್ಕೊಂದು ಕಂತು ಇತ್ತು. ನಿಮಗೆ ದಿನಕ್ಕೊಂದು, ಇಲ್ಲವೇ ದಿನ ಬಿಟ್ಟು ದಿನ. ಅದರ ಮೇಲೆ ಓದುಗರ ಮಾತು ಆ ಕ್ಷಣವೇ ಬಂದು ಬೀಳುತ್ತದೆ. ಹಬ್ಬ ಶುರುವಾಗುವ ಮುಂಚೆ ಕಂತುಗಳನ್ನು ಬರೆದು ಕೂಡಿಟ್ಟುಕೊಳ್ಳುವುದು ಒಂದು ದಾರಿ. ಆಷಾಢದಲ್ಲಿ ಕಿರುಕಾದಂಬರಿಯೂ ಇರುವುದರಿಂದ ಈ ವರ್ಷ ನಿಮಗೆ ಅದು ಕಷ್ಟ. ಹಾಗಾಗಿ ನಾನು ಹೇಳುವುದು ಎರಡನೆಯ ದಾರಿ. ಈಗ ನಡೆಯುತ್ತಿರುವ ಕಾದಂಬರಿಯನ್ನು ಚೌತಿಯ ಒಳಗೆ ಮುಗಿಸಿಬಿಡಿ. ಹೊಸದನ್ನು ದೀಪಾವಳಿ ಆದ ಮೇಲೆ ಶುರು ಮಾಡಿ. ನಡುವಿನ ಬಿಡುವನ್ನು ಓದುಗರಿಗೆ ಮೊದಲೇ ಹೇಳಿ, ಯಾವ ದಿನ ಮರಳಿ ಬರುತ್ತೀರಿ ಅಂತ ತಾರೀಕು ಕೊಟ್ಟು ಹೇಳಿ. ಹೇಳಿ ಹೋದವರಿಗಾಗಿ ಓದುಗರು ಕಾಯುತ್ತಾರೆ. ಹೇಳದೆ ಮಾಯವಾದವರ ಮೇಲೆ ಮುನಿಸಿಕೊಳ್ಳುತ್ತಾರೆ, ಅದು ನ್ಯಾಯವೇ. ನಾಯಕಿ ಬಸ್ ಹತ್ತಿದ ಕಡೆ, ಆಸ್ಪತ್ರೆಯ ಬಾಗಿಲಲ್ಲಿ ನಿಂತ ಕಡೆ ಕಥೆ ನಿಲ್ಲಿಸಿ ಹಬ್ಬಕ್ಕೆ ಹೋಗಬೇಡಿ.

ಆದರೆ ಪೂರ್ತಿ ಸುಮ್ಮನಾಗಬೇಡಿ ಅಂತಲೂ ಕೇಳಿಕೊಳ್ಳುತ್ತೇನೆ. ಹಬ್ಬದ ರಾತ್ರಿ ಪ್ರೇಮಕಥೆ ಓದುವವರು ಯಾರು ಅಂತ ಒಮ್ಮೆ ನೆನೆಸಿಕೊಳ್ಳಿ. ರಜೆ ಸಿಗದೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುತ್ತಿರುವ ನರ್ಸ್. ಪಿಜಿಯಲ್ಲಿ ಎಲ್ಲರೂ ಊರಿಗೆ ಹೋದ ಮೇಲೆ ಒಬ್ಬಳೇ ಉಳಿದ ಹುಡುಗಿ. ಗಂಡ ತೀರಿಕೊಂಡ ಮೇಲೆ ಅರಿಶಿನ ಕುಂಕುಮಕ್ಕೆ ಯಾರೂ ಕರೆಯದ ಹೆಂಗಸು. ದೀಪಾವಳಿ ದಿನವೂ ಮಾಮೂಲಿ ಆಫೀಸಿಗೆ ಹೋಗಿ ಬಂದು, ಡಲ್ಲಾಸ್‌ನ ಮನೆಯಲ್ಲಿ ಒಂದು ಹಣತೆ ಹಚ್ಚಿ ಕೂತ ಕನ್ನಡದವಳು. ಇಂಥವರು ನನಗೆ ಪತ್ರ ಬರೆದಿದ್ದಾರೆ. ಎಲ್ಲರ ಮನೆಯಲ್ಲೂ ನಗು ಕೇಳುವ ರಾತ್ರಿ ಅವರಿಗೆ ಒಂದು ಕಥೆ ಜೊತೆಯಾಗಿತ್ತು ಅಂತ ಬರೆದಿದ್ದಾರೆ. ಪ್ರೇಮ ಕಾದಂಬರಿಯನ್ನು ಹಗುರ ಅಂತ ತಳ್ಳಿಹಾಕುವವರಿಗೆ ಈ ಓದುಗರು ಕಾಣುವುದಿಲ್ಲ. ನನಗಂತೂ ಬರೆಯುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿಲ್ಲ. ಅದಕ್ಕೇ ದೀಪಾವಳಿಯ ರಾತ್ರಿಗೆ ಅಂತ ಒಂದೇ ಒಂದು ಸಣ್ಣ ಕಥೆ, ಒಂದೇ ಕಂತಿನದು, ಮೊದಲೇ ಬರೆದಿಟ್ಟುಕೊಳ್ಳಿ. ಆ ದಿನ ರಾತ್ರಿ ಎಂಟಕ್ಕೋ ಒಂಬತ್ತಕ್ಕೋ ಹಾಕಿ. ಅದರಲ್ಲಿ ಹಬ್ಬ ಇರಲೇಬೇಕು ಅಂತಿಲ್ಲ. ಕೊನೆ ಮಾತ್ರ ಸುಖವಾಗಿರಲಿ.

ಮನೆಯವರ ಮಾತಿಗೆ ಬರೋಣ. ‘ಪ್ರೇಮಕಥೆ ತಾನೇ, ಯಾವಾಗ ಬೇಕಾದರೂ ಬರೀಬಹುದು’ ಅನ್ನುವ ಮಾತು ನಿಮ್ಮ ಮನೆಯಲ್ಲೂ ಬಂದಿರಬಹುದು. ನನ್ನ ಮನೆಯಲ್ಲೂ ಬಂದಿತ್ತು. ಅದಕ್ಕೆ ಉತ್ತರ ಕೊಡುತ್ತಾ ಕೂತರೆ ಹಬ್ಬವೂ ಹೋಗುತ್ತದೆ, ಬರವಣಿಗೆಯೂ ಹೋಗುತ್ತದೆ. ಹಬ್ಬದ ದಿನ ಬಿಡುವು ಕೇಳಬೇಡಿ. ಆಷಾಢದ ಮಧ್ಯಾಹ್ನಗಳನ್ನು ಕೇಳಿ. ಅತ್ತೆಯವರ ಹತ್ತಿರ ನೇರವಾಗಿ ಕೂತು ಹೇಳಿ: ‘ಅಮ್ಮ, ಇಂಥ ಪತ್ರಿಕೆಯವರು ಕೇಳಿದ್ದಾರೆ, ಇಂಥ ತಾರೀಕಿನೊಳಗೆ ಕೊಡಬೇಕು. ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ನನ್ನನ್ನು ಕರೀಬೇಡಿ. ಹಬ್ಬದ ಕೆಲಸಕ್ಕೆ ನಾನಿರ್ತೀನಿ.’ ತಾರೀಕು ಇರುವ ಕೆಲಸಕ್ಕೆ ಮನೆಯವರು ಬೆಲೆ ಕೊಡುತ್ತಾರೆ. ಮೂಡ್ ಬಂದಾಗ ಮಾಡುವ ಕೆಲಸಕ್ಕೆ ಕೊಡುವುದಿಲ್ಲ. ಗಂಡನಿಗೂ ಇಷ್ಟೇ ಸ್ಪಷ್ಟವಾಗಿ ಹೇಳಿ. ಆ ಎರಡು ಗಂಟೆ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ, ಸಂಜೆಯ ಕಾಫಿ ಯಾರು ಮಾಡುತ್ತಾರೆ ಎಂಬುದನ್ನು ಅಂದಾಜಿಗೆ ಬಿಡಬೇಡಿ.

ಹಬ್ಬದ ದಿನಗಳಲ್ಲೂ ಬರವಣಿಗೆಗೆ ಸಂಬಂಧಿಸಿದ ಕೆಲವು ಕೆಲಸ ಮಾಡಬಹುದು. ನಡುವೆ ಯಾರಾದರೂ ಕರೆದರೂ ಕೆಡದ ಕೆಲಸಗಳು. ವಿಶೇಷಾಂಕದ ಕರಡು ಆ ಹೊತ್ತಿಗೇ ಬರುತ್ತದೆ, ಅದನ್ನು ತಿದ್ದಬಹುದು. ಪಾತ್ರಗಳಿಗೆ ಹೆಸರು ಹುಡುಕಬಹುದು. ಓದುಗರ ಪತ್ರಕ್ಕೆ ಉತ್ತರಿಸಬಹುದು. ಹಳೆಯ ಅಧ್ಯಾಯದ ಸಂಭಾಷಣೆಯನ್ನು ತೊಂಡೆಕಾಯಿ ಹೆಚ್ಚುತ್ತಾ ಬಾಯಲ್ಲಿ ಹೇಳಿ ನೋಡಬಹುದು, ಎಲ್ಲಿ ನಾಲಿಗೆ ತೊಡರುತ್ತದೋ ಅಲ್ಲಿ ತಿದ್ದಬಹುದು. ಆದರೆ ಪ್ರೀತಿ ಒಡೆಯುವ ದೃಶ್ಯ, ಮೊದಲ ಬಾರಿ ಮನಸ್ಸು ಬಿಚ್ಚುವ ದೃಶ್ಯ ಇಂಥದ್ದನ್ನು ಹಬ್ಬದ ನಡುವೆ ಮುಟ್ಟಬೇಡಿ. ಅದಕ್ಕೆ ಒಂದೇ ಉಸಿರು ಬೇಕು. ‘ಬೆಲ್ಲ ಎಲ್ಲಿಟ್ಟಿದ್ದೀಯ’ ಅಂತ ಒಬ್ಬರು ಕೂಗಿದರೆ ಸಾಕು, ಆ ಪುಟ ಮತ್ತೆ ಹಾಗೆ ಬರುವುದಿಲ್ಲ.

ಇಲ್ಲಿ ದುಡ್ಡು ಮತ್ತು ಹಕ್ಕಿನ ಮಾತೊಂದು, ಹೆಂಗಸರು ಇದನ್ನು ಕೇಳಲು ಹಿಂಜರಿಯುತ್ತಾರೆ. ಗೌರವಧನ ಸಾಮಾನ್ಯವಾಗಿ ಸಂಚಿಕೆ ಬಂದ ಮೇಲೆ ಬರುತ್ತದೆ, ಆದ್ದರಿಂದ ಹಬ್ಬದ ಖರ್ಚಿಗೆ ಅದನ್ನು ನಂಬಬೇಡಿ. ಎಷ್ಟು, ಯಾವಾಗ ಅಂತ ಮೊದಲೇ ಇಮೇಲಿನಲ್ಲಿ ಕೇಳಿ. ಒಂದು ಸಲ ಪ್ರಕಟಿಸುವ ಹಕ್ಕನ್ನು ಮಾತ್ರ ಕೊಡುತ್ತಿದ್ದೇನೆ, ಪುಸ್ತಕ, ಆಡಿಯೊ, ಸಿನಿಮಾ ಹಕ್ಕು ನನ್ನದೇ ಎಂದು ಬರೆದು ಕಳಿಸಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ವರ್ಗಾಯಿಸಬೇಕಾದರೆ ಅದು ಬರಹದಲ್ಲಿರಬೇಕು, ಸಹಿ ಇರಬೇಕು. ಅವಧಿ ಬರೆಯದೆ ಬಿಟ್ಟರೆ ಐದು ವರ್ಷ ಎಂದು ಲೆಕ್ಕ. ಆ್ಯಪಿನ ಒಪ್ಪಂದವನ್ನೂ ಇದೇ ಕಣ್ಣಲ್ಲಿ ಒಮ್ಮೆ ಪೂರ್ತಿ ಓದಿ. ಆ್ಯಪಿನಲ್ಲಿ ಈಗಾಗಲೇ ಹಾಕಿದ ಕಥೆಯನ್ನು ವಿಶೇಷಾಂಕಕ್ಕೆ ಕೊಡಬೇಡಿ. ‘ಅಪ್ರಕಟಿತ’ ಅಂದರೆ ಆ್ಯಪಿನಲ್ಲೂ ಬಂದಿರಬಾರದು.

ಕೊನೆಗೆ ನಿಮ್ಮ ಅನುಮಾನ. ಹಬ್ಬದಲ್ಲಿ ಮನೆಯೊಳಗೆ ನಡೆದದ್ದನ್ನು ಕಥೆಗೆ ತರಬಹುದಾ? ತರಬಹುದು, ಆದರೆ ಅದೇ ವರ್ಷ ಬೇಡ. ದೀಪಾವಳಿಯಲ್ಲಿ ನಾದಿನಿ ಅತ್ತದ್ದು ಕಾರ್ತಿಕ ಮುಗಿಯುವ ಮುಂಚೆ ಆ್ಯಪಿನಲ್ಲಿ ಬಂದರೆ ಅವಳಿಗೆ ಅದು ಗೊತ್ತಾಗುತ್ತದೆ. ನಾಲ್ಕು ಜನ ಅವಳನ್ನೇ ಕೇಳುತ್ತಾರೆ. ಮುಂದಿನ ಹಬ್ಬಕ್ಕೆ ನಿಮ್ಮ ಮುಂದೆ ಯಾರೂ ಮನಸ್ಸು ಬಿಚ್ಚುವುದಿಲ್ಲ. ಅಳು ಇರಲಿ, ಅಳುವವರು ಬದಲಾಗಲಿ. ನಾದಿನಿಯ ಸಂಕಟವನ್ನು ಐವತ್ತು ವರ್ಷದ ಗಂಡಸಿಗೆ ಕೊಟ್ಟು ನೋಡಿ, ಊರು ಬದಲಿಸಿ, ಅಳುವ ಕಾರಣ ಬದಲಿಸಿ. ಆಗ ಅದು ಅವಳದ್ದಾಗಿ ಉಳಿಯುವುದಿಲ್ಲ, ಕಥೆಯದ್ದಾಗುತ್ತದೆ. ಹಾಗೆ ಬದಲಿಸಲು ಬಾರದಷ್ಟು ಹತ್ತಿರದ ವಿಷಯವಾದರೆ ಅವಳನ್ನೇ ಕೇಳಿ. ಬೇಡ ಅಂದರೆ ಬಿಟ್ಟುಬಿಡಿ. ಗಂಡ ಹೆಂಡತಿಯ ನಡುವಿನ ಮಾತು, ಮಕ್ಕಳಾಗದ ನೋವು, ಯಾರದ್ದೋ ಕಾಯಿಲೆ, ಈ ಮೂರನ್ನು ಕೇಳದೆ ಎಂದೂ ಮುಟ್ಟಬೇಡಿ. ಅತ್ತೆಯವರು ಹೋಳಿಗೆ ತಟ್ಟುವಾಗ ಹೇಳಿಕೊಳ್ಳುವ ಅವರ ಕಾಲದ ಮದುವೆಯ ಕಥೆಗಳನ್ನು ಮಾತ್ರ ಧೈರ್ಯವಾಗಿ ಕೇಳಿ, ಅವರಿಗೆ ಹೇಳಿಯೇ ಬರೆಯಿರಿ. ಎಷ್ಟೋ ಅತ್ತೆಯರು ಯಾರಾದರೂ ಕೇಳಲಿ ಅಂತಲೇ ಕಾಯುತ್ತಿರುತ್ತಾರೆ.